ನೆಗ್ಗು

ಬರೆಯುವುದು ಗೋಟೆ ಅಂತ, ಕರೆಯಬೇಕಾದ್ದು ಯೋಟೆ.
ಅವರ ಭಾಷೆಯಲ್ಲಿ ಹಾಗಂತೆ.
ನಗರ್ತಪೇಟೆಯ ಬಾಯಿಗೆ ಅದು ಒಗ್ಗಲಿಲ್ಲ,
ಗೋಟು ಅಂದೆವು. ಗೋಟುಕೊಬ್ಬರಿಯ ಗೋಟು.
ನೀರು ಬತ್ತಿದ ಮೇಲೂ ಅಲ್ಲಾಡಿಸಿದರೆ
ಒಳಗೆ ಲೊಡಲೊಡ ಅನ್ನುವಂಥದ್ದು.

ಎಂಬತ್ತಾರರಲ್ಲಿ ಮೊದಲು ಬಂದ.
ರೆಸಿಡೆನ್ಸಿ ರಸ್ತೆಯ ಹೋಟೆಲಿನಲ್ಲಿ ಎಂಟು ರಾತ್ರಿ ಜಾಝ್.
ಮೂರನೆಯ ರಾತ್ರಿ ಟ್ರಂಪೆಟ್ಟಿನ ನಡುಗುಂಡಿ
ಒತ್ತಿದ್ದು ಮೇಲೇಳಲಿಲ್ಲ.
ಹಿತ್ತಾಳೆ ತಾನೆ ಸಾರ್, ಅಂದ ಆಟೋದವನು
ಸೀದಾ ತಂದು ನಿಲ್ಲಿಸಿದ್ದು ನಮ್ಮ ಕಲಾಯಿ ಅಂಗಡಿಗೆ.

ನನಗಾಗ ಹದಿನಾರು. ತಿದಿ ಒತ್ತುವ ಕೆಲಸ.
ಅಪ್ಪ ಗುಂಡಿ ಬಿಚ್ಚಿ, ಮೂಸಿ, ಉಪ್ಪು ಅಂದ.
ಹಡಗಿನಲ್ಲಿ ಊದುತ್ತೇನೆ, ಅಂದ ಇವನು,
ಗಾಳಿಯಲ್ಲಿ ಕೈಯಿಂದ ಅಲೆ ಬರೆದು.
ಕೊಬ್ಬರಿ ಎಣ್ಣೆ, ಸೀಮೆಎಣ್ಣೆ, ಹಳೇ ಪಂಚೆಯ ಚೂರು,
ಟಕಟಕ ನಾಲ್ಕು ಏಟು.
ಅಪ್ಪ ಒಂದು ಸಲ ಜೋರಾಗಿ ಕೆಮ್ಮಿದ್ದು ನೆನಪಿದೆ.

ಆಮೇಲೆ ಮೂವತ್ತಮೂರು ವರ್ಷ
ನವೆಂಬರಿಗೆ ಇಲ್ಲಿ, ಮೇ ತಿಂಗಳಿಗೆ ಅಲ್ಲಿ.
ಅಲ್ಲಿ ಮಾಲ್ಮೋ ಶಾಲೆಯಲ್ಲಿ ಮಕ್ಕಳಿಗೆ ಪಾಠ,
ಕುಡಿದವರ ಹಡಗು, ಗುರುತಿಲ್ಲದವರ ಸಾವಿಗೆ
ಇಗರ್ಜಿಯ ಮೂಲೆಯಲ್ಲಿ ನಿಂತು ನಾಲ್ಕು ಸಾಲು.
ಇಲ್ಲಿ ಶನಿವಾರದ ಕ್ಲಬ್ಬು, ಉಳಿದ ದಿನ ಗಾಂಧಿನಗರ:
ಖಳನಾಯಕ ಮೆಟ್ಟಿಲಿಳಿಯುವಾಗಿನ
ಹನ್ನೊಂದು ಸೆಕೆಂಡು.
ಅಲ್ಲಿಯವರಿಗೆ ಅವನು ಇಂಡಿಯಾಕ್ಕೆ ಹೋದವನು.
ಇಲ್ಲಿಯ ಪೋಸ್ಟರಿನಲ್ಲಿ ಪ್ರತಿ ವರ್ಷವೂ
'ನೇರ ಸ್ವೀಡನ್ನಿನಿಂದ';
ಬರುತ್ತಿದ್ದದ್ದು ಕಾಕ್ಸ್ ಟೌನಿನಿಂದ, ಬಸ್ಸಿನಲ್ಲಿ.

ಕತೆ ಹೇಳುವ ಜಾತಿಯಲ್ಲ ಅವನು.
ನಾನು ಓದಿದ್ದೆಲ್ಲ ಹೆಬ್ಬೆರಳಿನಲ್ಲಿ.
ಬಾಯಂಚಿನ ಈ ನೆಗ್ಗು, ಹೆಂಡತಿ ಬಾಗಿಲು ಜಡಿದಾಗ
ಸಂದಿಯಲ್ಲಿ ಸಿಕ್ಕಿಕೊಂಡದ್ದು.
ತಿರುವಿನದು ಮುಂಬೈ ವಿಮಾನ ನಿಲ್ದಾಣ.
ಇದು ಚಂದಾಪುರದ ಮದುವೆ: ಬ್ಯಾಂಡ್‌ಸೆಟ್ಟಿನ ಚಿನ್ನಪ್ಪನಿಗೆ ಜ್ವರ,
ಅವನ ಕೆಂಪು ಕೋಟು ಮೊಣಕೈವರೆಗೆ ಹತ್ತಿಸಿಕೊಂಡು
ಗೋಟು ದಿಬ್ಬಣದ ಮುಂದೆ ನಡೆದ.
ಕುದುರೆ ಬೆಚ್ಚಿತು, ಮದುಮಗ ಜಾರಿದ,
ಟ್ರಂಪೆಟ್ಟು ಜನರೇಟರಿಗೆ ಬಡಿಯಿತು.
ಎರಡು ಖಂಡ ಸೇರಿಸಿದರೂ ಅಷ್ಟು ಜನ
ನನಗೆ ಯಾವತ್ತೂ ಕುಣಿದಿರಲಿಲ್ಲ ಅಂದ ಆಮೇಲೆ,
ಬೆವರು ಒರೆಸದೆ.
ತೆಗೆದುಬಿಡಲಾ, ಅಂತ ಪ್ರತಿ ಸಲ ಕೇಳುತ್ತಿದ್ದೆ.
ಸ್ವರಕ್ಕೆ ಅಡ್ಡ ಬರುತ್ತಾ?
ಇಲ್ಲ.
ಇರಲಿ ಬಿಡು.

ಎಪ್ಪತ್ತೊಂದಕ್ಕೆ ಮುಂದಿನ ಹಲ್ಲು ಅಲುಗಿತು.
ಫ್ರೇಜರ್ ಟೌನಿನ ಡಾಕ್ಟರು ಕಟ್ಟಿಕೊಟ್ಟರು,
ಒಳ್ಳೆಯ ಹಲ್ಲೇ, ಜೋಳದ ಕಾಳಿನಂಥದ್ದು,
ತಿನ್ನುವವನದು, ಊದುವವನದಲ್ಲ.
ಮೇಲಿನ ಸ್ವರಗಳು ಬಾಡಿಗೆ ಕಟ್ಟಲಾಗದವರ ಹಾಗೆ
ರಾತ್ರೋರಾತ್ರಿ ಮಹಡಿ ಖಾಲಿ ಮಾಡಿದವು.

ಈಗ ಲಗ್ನದ ತಿಂಗಳುಗಳಲ್ಲಿ
ಬ್ಯಾಂಡಿನ ಹುಡುಗರು ತಂದು ಗುಡ್ಡೆ ಹಾಕುತ್ತಾರೆ.
ನಾನು ತಟ್ಟಿ ಕೊಡುತ್ತೇನೆ, ಸ್ಟೂಲಿನ ಮೇಲಿಂದ ಅವನು
ಒಂದು ಸ್ವರ ಊದಿ ನೋಡುತ್ತಾನೆ. ಒಂದೇ.
ತಲೆ ಹಾಕಿದರೆ ಪೇಪರು ಸುತ್ತುವುದು,
ಇಲ್ಲದಿದ್ದರೆ ಮತ್ತೆ ಬಿಚ್ಚು.
ಆಂಟಿ, ಈ ತಾತಂಗೆ ಪೂರ್ತಿ ಹಾಡು ಬರಲ್ವಾ,
ಅಂತ ಯಲಹಂಕದ ಹುಡುಗ ಕೇಳಿದ.
ಚಿಲ್ಲರೆ ತಗೊ, ಅಂದೆ.

ಮೊನ್ನೆ ಮುಚ್ಚುವ ಹೊತ್ತಿಗೆ ಮೊಳೆಯಿಂದ ಇಳಿಸಿ
ಅವನದನ್ನು ಒರೆಸುತ್ತಿದ್ದೆ.
ನಡುಗುಂಡಿಯ ಬುಡದಲ್ಲಿ ಹೆಬ್ಬೆರಳು ಇಳಿಯಿತು,
ಬೇಳೆಯಷ್ಟು, ಲೆಕ್ಕಕ್ಕೆ ಸಿಗದ್ದು.
ಇದು ಎಲ್ಲಿಯದು?
ಕನ್ನಡಕ ತೆಗೆದ, ಮುಟ್ಟಿ ನೋಡಿದ.
ನಿಮ್ಮಪ್ಪಂದು.
ಸುತ್ತಿಗೆ ಜಾರಿತು. ನನಗೆ ಕಾಣದ ಹಾಗೆ ತಿರುಗಿಸಿ ಹಿಡಿದು
ಕೆಮ್ಮಿದರು. ಹದಿನೈದು ರೂಪಾಯಿ ಅಂದರು.

ಕೊಟ್ಟೆ, ಅಂದ ಗೋಟು,
ಶಟರಿನ ಕೊಕ್ಕೆ ಹುಡುಕುತ್ತಾ.